ಬ್ರೇಕಿಗೆ ಕಟ್ಟಿದ ದಾರ

ಸೈಕಲ್ ಶಾಪು, ದೋಣಿಕಟ್ಟೆ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ಅಕ್ಕನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ಬಂದು ಹದಿನಾರು ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕೈತುಂಬ ಕೆಲಸವಿತ್ತು ಎಂದು ಬರೆದುಬಿಡಬಹುದಿತ್ತು. ಆದರೆ ಸೀಸನ್ ಶುರುವಾಗುವುದಕ್ಕೆ ಇನ್ನೂ ಮೂರು ವಾರವಿದೆ. ಈಗ ದೋಣಿಯಲ್ಲಿ ಬರುವವರು ದಿನಕ್ಕೆ ಐದಾರು ಜನ, ಅವರಲ್ಲೂ ಅರ್ಧ ಜನ ಆಚೆ ದಡದಲ್ಲಿ ಹಲ್ಲು ಕೀಳಿಸಿಕೊಂಡು ಕೆನ್ನೆ ಹಿಡಿದು ವಾಪಸು ಬರುವ ಇಲ್ಲಿನವರೇ. ಕೆಲಸವೇನೂ ಇರಲಿಲ್ಲ. ನಿನ್ನ ಕಾಗದವನ್ನು ಓದಿ ಮೇಜಿನ ಡ್ರಾಯರಿಗೆ ಹಾಕಿದೆ, ಮತ್ತೆ ತೆಗೆದು ಓದಿದೆ, ಮತ್ತೆ ಹಾಕಿದೆ. ಹದಿನಾರು ದಿನ ಹೀಗೆ ಹೋಯಿತು.

ನಾಲ್ಕು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ. ಫೋನಿನಲ್ಲಿ ನೀನು "ಎಲ್ಲ ಆರಾಮ ಅಲ್ವಾ ಅಕ್ಕ" ಅನ್ನುತ್ತೀಯ, ನಾನು ಹೂಂ ಅನ್ನುತ್ತೇನೆ, ಹಿಂದೆ ನಿಮ್ಮ ಮನೆಯ ಟೀವಿ ಕೇಳಿಸುತ್ತದೆ, ಅಲ್ಲಿಗೆ ಮುಗಿಯಿತು. ಈ ಸಲ ಫೋನು ಬಿಟ್ಟು ಕಾಗದ ಹಿಡಿದಿದ್ದೀಯ ಎಂದಾಗಲೇ ಏನೋ ಇದೆ ಎಂದುಕೊಂಡೆ. ಕವರಿನಲ್ಲಿ ಎರಡು ಹಾಳೆ ಇದ್ದವು. ದೊಡ್ಡ ಹಾಳೆ ನಿಮ್ಮ ಮನೆಯವರೆಲ್ಲ ಸುತ್ತ ಕೂತು ಬರೆಸಿದ್ದು. ಅದರ ನಡುವೆ ನಾಲ್ಕು ಮಡಿಕೆ ಮಾಡಿ ಸಿಕ್ಕಿಸಿದ್ದ ಚಿಕ್ಕ ಚೀಟಿ ನೀನೊಬ್ಬಳೇ ಬರೆದದ್ದು. ಮೊದಲು ದೊಡ್ಡದಕ್ಕೆ ಉತ್ತರ. ಈ ಭಾಗವನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳು, ಬೇಡದ್ದನ್ನು ಓದುತ್ತಲೇ ಹಾರಿಸಿಬಿಡು. ಅದು ನಿನಗೆ ಕಷ್ಟವಾಗಲಾರದು.

ಏಪ್ರಿಲ್ ಮೊದಲ ವಾರ ಎಂಟು ಸೈಕಲ್ಲು ಸಿದ್ಧವಿರುತ್ತವೆ. ಅಂಗಡಿಯ ಹಿಂದಿನ ಎರಡು ಕೋಣೆಗೂ ಸುಣ್ಣ ಹೊಡೆಸುತ್ತಿದ್ದೇನೆ. ಒಬ್ಬೊಬ್ಬರ ಕಾಲಿನ ಒಳ ಅಳತೆಯನ್ನೂ ಇಂಚು ಸಮೇತ ಬರೆದು ಕಳಿಸಿದ್ದೀಯ. ಅಂಗಡಿಯಲ್ಲಿ ಬೆಳೆದದ್ದು ಅಷ್ಟಾದರೂ ಉಳಿದಿದೆಯಲ್ಲ ಎಂದು ಸಂತೋಷವಾಯಿತು. ನಿಮ್ಮತ್ತೆಗೆ ನಡು ತಗ್ಗಿರುವ ಸೈಕಲ್ಲು ಕೊಡುತ್ತೇನೆ, ಕಾಲೆತ್ತಿ ಹತ್ತುವ ಗೋಜಿಲ್ಲ. ನಿನ್ನ ಮೈದುನ ಮೂವತ್ತೈದು ಇಂಚು ಎಂದು ಬರೆಸಿದ್ದಾರೆ. ಅಷ್ಟು ಉದ್ದದ ಕಾಲಿನವರು ಸಾಮಾನ್ಯವಾಗಿ ಷೂ ಹಾಕಿಕೊಂಡೇ ಅಳತೆ ಕೊಟ್ಟಿರುತ್ತಾರೆ, ಇನ್ನೊಮ್ಮೆ ಅಳೆಯಲಿ. ನಿನ್ನ ಮಗಳು ಹಾಳೆಯ ತುದಿಯಲ್ಲಿ "ದೊಡ್ಡಮ್ಮ, ನನ್ನದಕ್ಕೆ ಬೆಲ್ಲು ಇರಲಿ" ಎಂದು ಬರೆದಿದ್ದಾಳೆ. ಅವಳಿಗೆ ನಿನ್ನ ಚಿಕ್ಕಂದಿನ ಸೈಕಲ್ಲನ್ನೇ ತೆಗೆದಿದ್ದೇನೆ. ಹಸಿರು ಬಣ್ಣ ಹೊಸದಾಗಿ ಹೊಡೆದು, ಎರಡು ಬೆಲ್ಲು ಹಾಕಿದ್ದೇನೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು.

ನಿನಗೆ ಮಾತ್ರ ಒಂದೇ ಅಳತೆ ಬರೆದಿದ್ದೀಯ. ನಿನ್ನ ಎಡಗಾಲು ಬಲಗಾಲಿಗಿಂತ ಅರ್ಧ ಇಂಚು ಗಿಡ್ಡ ಎಂಬುದನ್ನು ನಾನು ಮರೆತಿರುತ್ತೇನೆ ಎಂದುಕೊಂಡೆಯೋ, ನೀನೇ ಮರೆತೆಯೋ ತಿಳಿಯಲಿಲ್ಲ. ಎಡ ಪೆಡಲಿನ ಮೇಲೆ ಕೂರಿಸುವ ಮರದ ತುಂಡು ನನ್ನ ಹತ್ತಿರ ಇದೆ. ನೀನು ಆಸ್ಪತ್ರೆಯಿಂದ ಬರುವ ಮೊದಲೇ ಕೆತ್ತಿ, ಮೇಲೆ ಹಳೆಯ ಟೈರಿನ ರಬ್ಬರು ಅಂಟಿಸಿ ಇಟ್ಟಿದ್ದೆ. ಆಗ ನೀನು ಅದನ್ನು ಮುಟ್ಟಲೂ ಇಲ್ಲ.

ಇನ್ನು ದಾರಿಗಳು. ನಿನ್ನ ಯಜಮಾನರು ಫೋನಿನ ನಕ್ಷೆಯಲ್ಲಿ ದ್ವೀಪವನ್ನೆಲ್ಲ ತಿರುಗಿ ಮುಗಿಸಿದ್ದಾರೆಂದು ಕಾಣುತ್ತದೆ. ಆದರೂ ಕೇಳಿದ್ದಾರೆ, ಹೇಳುತ್ತೇನೆ.

ಒಂದನೆಯದು ದಂಡೆರಸ್ತೆ. ದ್ವೀಪದ ಸುತ್ತ ಇಪ್ಪತ್ತೇಳು ಕಿಲೋಮೀಟರು, ಉದ್ದಕ್ಕೂ ಡಾಂಬರು. ಅವರು ಕೇಳಿದ ಸಪೂರ ಟೈರಿನ ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ. ಆದರೆ ಹೊರಡುವ ಹೊತ್ತು ಮುಖ್ಯ. ಹತ್ತು ಗಂಟೆಯ ಮೇಲೆ ಪಶ್ಚಿಮದಿಂದ ಗಾಳಿ ಏಳುತ್ತದೆ. ದೋಣಿಕಟ್ಟೆ ಇರುವುದು ಪೂರ್ವಕ್ಕೆ. ಹಾಗಾಗಿ ಬೆಳಿಗ್ಗೆ ಏಳಕ್ಕೇ ಹೊರಟು ಬಡಗಣ ದಂಡೆಯಲ್ಲಿ ಪಶ್ಚಿಮದ ತುದಿ ಮುಟ್ಟಿಬಿಡಬೇಕು, ತೆಂಕಣ ದಂಡೆಯಲ್ಲಿ ಬರುವಾಗ ಗಾಳಿ ಬೆನ್ನಿಗಿರುತ್ತದೆ. ರಜೆಗೆ ಬಂದವರು ಇದನ್ನು ತಲೆದೂಗಿ ಕೇಳುತ್ತಾರೆ, ಆಮೇಲೆ ಇನ್ನೊಂದು ಲೋಟ ಕಾಫಿ ಕುಡಿದು ಹನ್ನೊಂದಕ್ಕೆ ಹೊರಡುತ್ತಾರೆ, ಸಂಜೆ ಸೈಕಲ್ಲನ್ನು ತಳ್ಳಿಕೊಂಡು ಬಂದು ನಿಮ್ಮ ಸೈಕಲ್ಲು ಬಹಳ ಭಾರ ಎನ್ನುತ್ತಾರೆ. ಗಾಳಿ ನನ್ನ ಅಂಗಡಿಯದಲ್ಲ ಎಂದು ನಾನು ಅವರಿಗೆ ಹೇಳಲು ಹೋಗುವುದಿಲ್ಲ.

ಎರಡನೆಯದು ಉಪ್ಪಿನ ಗದ್ದೆಗಳ ಬದುವಿನ ಮೇಲೆ. ಒಂಬತ್ತು ಕಿಲೋಮೀಟರು, ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಮಾತಾಡಿಕೊಂಡು ಜೋಡಿಯಾಗಿ ಹೋಗುವ ಆಸೆ ಇದ್ದವರಲ್ಲಿ ಒಬ್ಬರಾದರೂ ಉಪ್ಪುನೀರಿಗೆ ಬೀಳುತ್ತಾರೆ. ಅಲ್ಲಿಂದ ಬಂದ ಕೂಡಲೇ ಚೈನು ತೊಳೆಯಬೇಕು, ಇಲ್ಲವಾದರೆ ಎರಡೇ ದಿನದಲ್ಲಿ ತುಕ್ಕು. ಮೂರನೆಯದು ಗಾಳಿಮರದ ತೋಪಿನ ಒಳಗೆ, ಐದು ಕಿಲೋಮೀಟರು, ನೆರಳಿದೆ, ಕೂರಲು ಕಲ್ಲುಬೆಂಚುಗಳಿವೆ. ನಿಮ್ಮತ್ತೆಗೂ ಮಕ್ಕಳಿಗೂ ಅದೇ ಸರಿ. ಕೊನೆಯ ಅರ್ಧ ಕಿಲೋಮೀಟರು ಮರಳು, ಇಳಿದು ತಳ್ಳಬೇಕು.

ನಾಲ್ಕನೆಯದು ದೀಪಸ್ತಂಭದ ರಸ್ತೆ. ಮೂರೂವರೆ ಕಿಲೋಮೀಟರು ಏರು, ಏಳು ತಿರುವು, ಅಷ್ಟೇ ಇಳಿಜಾರು. ದೋಣಿಕಟ್ಟೆಯಲ್ಲಿ ಅಪ್ಪ ಬಣ್ಣದಲ್ಲಿ ಬರೆದ ತಗಡಿನ ನಕ್ಷೆ ಈಗಲೂ ಇದೆ; ಅದರಲ್ಲಿ ಈ ನಾಲ್ಕನೆಯ ದಾರಿಯ ಮೇಲೆ ಅವರೇ ಹತ್ತೊಂಬತ್ತು ವರ್ಷದ ಹಿಂದೆ ಕಪ್ಪು ಬಳಿದರು. ಕಪ್ಪು ಬಳಿದಿದ್ದಾರೆಂದೇ ಜನ ಅಲ್ಲೇನಿದೆ ಎಂದು ವಿಚಾರಿಸಿಕೊಂಡು ಹೋಗುತ್ತಾರೆ. ನಿನ್ನ ಯಜಮಾನರೂ ಅದನ್ನೇ ಕೇಳಿದ್ದಾರೆ. ನೀನು ಬಿದ್ದ ತಿರುವನ್ನು ಅವರಿಗೆ ನೋಡಬೇಕಂತೆ, ಅಲ್ಲಿ ಎಲ್ಲರೂ ನಿಂತು ಒಂದು ಫೋಟೋ ತೆಗೆಯಬೇಕಂತೆ. ತೆಗೆಯಲಿ. ಐದನೆಯ ತಿರುವು, ಎಡಗಡೆ ಕಲ್ಲಿನ ಕಟ್ಟೆ, ಅದರ ಪಕ್ಕ ಚರಂಡಿ. ಬೆಳಕು ಬೆಳಿಗ್ಗೆ ಒಂಬತ್ತರೊಳಗೆ ಚೆನ್ನಾಗಿರುತ್ತದೆ.

ಇಲ್ಲಿಗೆ ಗಟ್ಟಿಯಾಗಿ ಓದುವುದನ್ನು ನಿಲ್ಲಿಸು.

ಈ ಸಾಲು ಬರೆದು ಎದ್ದು ಹೋಗಬೇಕಾಯಿತು. ದೋಣಿಯ ಟಿಕೆಟ್ಟಿನವರು ಬಂದಿದ್ದರು, ಹಿಂದಿನ ಚಕ್ರ ಪಂಕ್ಚರು. ಹಾಕಿಕೊಟ್ಟೆ. ಹೋಗುವಾಗ ಎಂದಿನಂತೆ, "ಬ್ರೇಕ್ ಏನಾದ್ರೂ ಮುಟ್ಟಿದ್ಯಾ? ಮುಟ್ಟಿದ್ರೆ ಹೇಳು, ನಡ್ಕೊಂಡೇ ಹೋಗ್ತೀನಿ" ಎಂದು ನಕ್ಕರು. ಕೆಟ್ಟ ಮನುಷ್ಯರಲ್ಲ. ನನಗೆ ಜ್ವರ ಬಂದಾಗ ಔಷಧಿ ತಂದುಕೊಡುವವರೂ ಅವರೇ. ಆದರೆ ಈ ಒಂದು ತಮಾಷೆಯನ್ನು ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದಾರೆ, ಹತ್ತೊಂಬತ್ತು ವರ್ಷದಿಂದ ನಾನೂ ನಗುತ್ತಿದ್ದೇನೆ.

ಈಗ ನಿನ್ನ ಚಿಕ್ಕ ಚೀಟಿ. ಅದನ್ನು ಎಷ್ಟು ಸಲ ಓದಿದ್ದೇನೆಂದರೆ ನೋಡದೆಯೇ ಬರೆಯಬಲ್ಲೆ. "ಅಕ್ಕ, ತಿರುವಿನ ವಿಷಯ ಬಂದರೆ ಅದು ನಿನ್ನ ಕೈತಪ್ಪು ಅಂತ ನಮ್ಮತ್ತೆ ಎದುರಿಗೆ ಒಂದು ಸಲ ಒಪ್ಪಿಕೊಂಡುಬಿಡು. ಹಳೇ ಮಾತು, ನಿನಗೇನೂ ನಷ್ಟ ಇಲ್ಲ." ಕಾರಣವನ್ನೂ ಬರೆದಿದ್ದೀಯ. ನಿನ್ನ ಮಗಳು ನಡೆಯುವಾಗ ಒಂದು ಕಾಲನ್ನು ಸ್ವಲ್ಪ ಎಳೆಯುತ್ತಾಳೆಂದು ನಿಮ್ಮತ್ತೆಗೆ ಅನುಮಾನವಂತೆ. ತಾಯಿಯ ರಕ್ತದಲ್ಲೇ ಬಂದಿರಬೇಕು, ಅಪಘಾತ ಗಿಪಘಾತ ಎಲ್ಲ ಕಟ್ಟಿದ ಕತೆ ಎಂದು ಊಟಕ್ಕೆ ಕೂತಾಗಲೆಲ್ಲ ಎತ್ತಿ ಆಡುತ್ತಾರಂತೆ. ನಾನು ಬಾಯಿಬಿಟ್ಟು ಹೇಳಿದರೆ ಅವರ ಬಾಯಿ ಮುಚ್ಚುತ್ತದಂತೆ. ಹತ್ತು ವರ್ಷದ ಮಗು, ಓಡಾಡುವಾಗ ಅದರ ಕಾಲನ್ನೇ ನೋಡುತ್ತಾ ಕೂರುವವರು ಎಂಥವರು ಎಂದು ಓದುತ್ತಲೇ ಸಿಟ್ಟು ಬಂತು.

ಆದರೆ ಗುಬ್ಬಿ, ಬ್ರೇಕು ತಪ್ಪಿ ಬಿದ್ದೆ ಎಂದಿದ್ದರೆ ಸಾಕಿತ್ತಲ್ಲವೇ? ಯಾರು ಬಿಗಿದ ಬ್ರೇಕು ಎಂಬುದು ನಿಮ್ಮ ಮನೆಯಲ್ಲಿ ಯಾಕೆ ಬೇಕಿತ್ತು? ಅವರು ಕೇಳಿದರು, ನಾನು ಹೇಳಿದೆ ಎಂದು ಬರೆದಿದ್ದೀಯ. ನಿನ್ನ ಪಾಲಿಗೆ ಅದು ಎರಡು ಮಾತು. ದೊಡ್ಡ ಹಾಳೆಯಲ್ಲಿ ನಿಮ್ಮತ್ತೆ ಹೇಳಿ ಬರೆಸಿದ ಇನ್ನೊಂದು ಸಾಲಿದೆ, ನೀನೇ ನಿನ್ನ ಕೈಯಾರೆ ಬರೆದದ್ದು: "ಎಂಟು ಸೈಕಲ್ಲಿನ ಬ್ರೇಕನ್ನೂ ಅಕ್ಕನವರ ಬದಲು ಬೇರೆ ಯಾರಾದರೂ ನೋಡಿದರೆ ಅನುಕೂಲ." ನಾನು ಇಪ್ಪತ್ತೇಳು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಆಸ್ತಿಯಿಲ್ಲ. ನನ್ನದು ಅಂತ ಇರುವುದು ಈ ಕೈ, ಕೈಗೆ ಒಂದು ಹೆಸರು. ಆ ಹೆಸರು ಹೇಗೆ ಕೆಟ್ಟಿತು ಎಂಬುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಇವತ್ತು ನಿನಗೆ ಹೇಳುತ್ತೇನೆ.

ನಮ್ಮ ಅಂಗಡಿಯ ಪದ್ಧತಿ ನಿನಗೆ ನೆನಪಿರಬೇಕು. ಬ್ರೇಕು ಬಿಗಿದವರು ವೈರಿನ ತುದಿಗೆ ತಮ್ಮ ಬಣ್ಣದ ದಾರ ಕಟ್ಟಬೇಕು, ನಾಳೆ ಏನಾದರೂ ಆದರೆ ಯಾರ ಕೆಲಸ ಎಂದು ಗೊತ್ತಾಗಬೇಕು. ಅಪ್ಪನದು ನೀಲಿ, ನನ್ನದು ಕೆಂಪು. ಜಂಬಕ್ಕೆ ಶುರುವಾದದ್ದು, ದ್ವೀಪದಲ್ಲೆಲ್ಲ ಅದೇ ನಮ್ಮ ಗುರುತಾಯಿತು. ನೀಲಿ ದಾರದ ಸೈಕಲ್ಲೇ ಕೊಡಿ ಎಂದು ಕೇಳಿಕೊಂಡು ಬರುತ್ತಿದ್ದರು. ಅದನ್ನು ಕೇಳಿದಾಗ ಅಪ್ಪ ಗಂಭೀರವಾಗಿ ಕೆಮ್ಮುತ್ತಿದ್ದರು, ನಾವಿಬ್ಬರೂ ಒಳಗೆ ಹೋಗಿ ನಗುತ್ತಿದ್ದೆವು.

ಆ ವರ್ಷ ಅಪ್ಪನ ಕಣ್ಣು ಮಂದವಾಗಿತ್ತು. ನಿನಗೆ ಗೊತ್ತಿರಲಿಲ್ಲ, ನೀನು ಕಾಲೇಜಿಗೆಂದು ವಾರವೆಲ್ಲ ಆಚೆ ದಡದಲ್ಲೇ ಇರುತ್ತಿದ್ದೆ. ನಟ್ಟು ಬಿಗಿಯುವ ಪಾನಾ ಬೇಕಾದರೆ ಕೈಯಾಡಿಸಿ ಹುಡುಕುತ್ತಿದ್ದರು. ಪೇಪರನ್ನು ನನ್ನ ಕೈಗೆ ಕೊಟ್ಟು, "ಓದು, ನಂಗೆ ಬೇಜಾರು" ಎನ್ನುತ್ತಿದ್ದರು. ಕಣ್ಣಿನ ಡಾಕ್ಟರ ಮಾತೆತ್ತಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಸೈಕಲ್ಲು ಬಾಡಿಗೆಗೆ ಕೊಡುವ ಪರವಾನಗಿ ಅವರ ಹೆಸರಿನಲ್ಲಿತ್ತು, ಪ್ರತಿ ವರ್ಷ ಕಚೇರಿಯಿಂದ ಬಂದು ನೋಡಿ ರುಜು ಹಾಕಬೇಕಿತ್ತು. ಕಣ್ಣು ಕಾಣದವನ ಅಂಗಡಿಗೆ ಯಾರು ರುಜು ಹಾಕುತ್ತಾರೆ? ಅದು ಹೋದರೆ ಅಪ್ಪ ಉಳಿಯುತ್ತಿರಲಿಲ್ಲ. ಅಮ್ಮ ಹೋದ ಮೇಲೆ ಅವರು ನಿಂತದ್ದೇ ಆ ಅಂಗಡಿಯನ್ನು ಆತುಕೊಂಡು.

ಇದೇ ಮಾರ್ಚಿನಲ್ಲಿ, ಸೀಸನ್ನಿಗೆ ಮೊದಲು ಎಲ್ಲ ಸೈಕಲ್ಲುಗಳನ್ನೂ ನಾಲ್ಕೂ ದಾರಿಯಲ್ಲಿ ಓಡಿಸಿ ನೋಡುವಾಗ, ನೀನೂ ರಜೆಗೆ ಬಂದಿದ್ದೆ. ದೀಪಸ್ತಂಭದಿಂದ ಇಳಿಯುವಾಗ ನೀನು ಮುಂದೆ, ನಾನು ಹಿಂದೆ. ನಿಧಾನ ಎಂದು ಎರಡು ಸಲ ಕೂಗಿದೆ. ನಾಲ್ಕನೆಯ ತಿರುವು ದಾಟಿದ ಮೇಲೆ ನಿನ್ನ ಮುಂದಿನ ಬ್ರೇಕಿನ ವೈರು ಜಾರಿತು. ಹಿಂದಿನದು ಒಂದೇ ಆ ಇಳಿಜಾರಿಗೆ ಸಾಲುವುದಿಲ್ಲ. ನೀನು ಅಕ್ಕಾ ಎಂದದ್ದು ಕೇಳಿಸಿತು, ನಾನು ಬರುವಷ್ಟರಲ್ಲಿ ನೀನು ಕಟ್ಟೆಗೆ ಬಡಿದು ಚರಂಡಿಯಲ್ಲಿ ಬಿದ್ದಿದ್ದೆ.

ನಿನ್ನ ಕಾಲನ್ನು ನೋಡಿದೆ. ಆಮೇಲೆ ಬ್ರೇಕನ್ನು ನೋಡಿದೆ. ತಂಗಿ ನರಳುತ್ತಿರುವಾಗ ಬ್ರೇಕು ನೋಡಿದಳಲ್ಲ ಎಂದು ನನಗೇ ಎಷ್ಟೋ ಸಲ ನಾಚಿಕೆಯಾಗಿದೆ, ಆದರೆ ಈ ಕೆಲಸದವರ ಕಣ್ಣು ಹಾಗೇ ಹೋಗುತ್ತದೆ. ವೈರನ್ನು ಹಿಡಿಯುವ ನಟ್ಟು ಸಡಿಲವಾಗಿತ್ತು. ಅದಕ್ಕೆ ಕಟ್ಟಿದ್ದ ದಾರ ನೀಲಿ.

ಮೇಲಿನಿಂದ ದೀಪಸ್ತಂಭದ ಕಾವಲಿನವರು ಕೂಗುತ್ತಾ ಓಡಿಬರುತ್ತಿದ್ದರು. ಅವರು ಬಂದರೆ ಮೊದಲು ನೋಡುವುದೇ ದಾರವನ್ನು, ನೋಡಿದರೆ ಸಂಜೆಯೊಳಗೆ ದ್ವೀಪಕ್ಕೆಲ್ಲ ಗೊತ್ತಾಗುತ್ತದೆ. ನನಗೆ ಇಪ್ಪತ್ತಾರು ವರ್ಷ. ನನ್ನ ಕೈತಪ್ಪಾದರೆ ಕಲಿಯುವ ಹುಡುಗಿ ತಪ್ಪಿದಳು ಎಂದು ನಾಲ್ಕು ದಿನ ಬೈದು ಬಿಡುತ್ತಾರೆ, ಅಪ್ಪನದಾದರೆ ಅಂಗಡಿಯೇ ಮುಚ್ಚುತ್ತದೆ ಎಂದು ಲೆಕ್ಕ ಹಾಕಿದೆ. ಜೇಬಿನಲ್ಲಿ ಚಿಕ್ಕ ಕತ್ತರಿಯೂ ಕೆಂಪು ದಾರದ ಉಂಡೆಯೂ ಇದ್ದವು. ನೀಲಿಯನ್ನು ಗಂಟಿನ ಕೆಳಗೆ ಕತ್ತರಿಸಿ ನಿನ್ನ ಪಕ್ಕದ ಹುಲ್ಲಿಗೆ ಎಸೆದೆ, ಕೆಂಪನ್ನು ಕಟ್ಟಿದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ನರಳುವುದು ನಿಂತು ನೀನು ಕಣ್ಣು ಮುಚ್ಚಿದ್ದೆ, ಪ್ರಜ್ಞೆ ಇಲ್ಲವೆಂದೇ ತಿಳಿದೆ. ದೋಣಿಗೆ ಎತ್ತುವಾಗ ನಿನ್ನ ಬಲಗೈ ಹಿಡಿದುಕೊಳ್ಳಲು ಹೋದೆ. ನೀನು ಮುಷ್ಟಿ ಬಿಗಿಹಿಡಿದಿದ್ದೆ, ಎಷ್ಟು ಮಾಡಿದರೂ ಬಿಚ್ಚಲಿಲ್ಲ. ನೋವಿಗೆ ಇರಬೇಕು ಎಂದುಕೊಂಡೆ.

ದೋಣಿಕಟ್ಟೆಯಲ್ಲಿ ಜನ ಸೇರಿದ್ದರು. ಅಪ್ಪ ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ದಾರವನ್ನು ಕಣ್ಣಿನ ಹತ್ತಿರ ಹತ್ತಿರ ತಂದು ನೋಡಿದರು. ಎದ್ದು ಬಂದು ನನ್ನ ಕೈಯಲ್ಲಿದ್ದ ಪಾನಾ ಕಿತ್ತುಕೊಂಡರು.

"ಇನ್ಮೇಲೆ ನೀನು ಬ್ರೇಕ್ ಮುಟ್ಟಬೇಡ."

ಎಲ್ಲರೆದುರಿಗೆ ಹೇಳಿದರು. ನಾನು ತಲೆ ತಗ್ಗಿಸಿ ಸೈಕಲ್ಲನ್ನು ಅಂಗಡಿಗೆ ತಳ್ಳಿಕೊಂಡು ಹೋದೆ. ನಾಲ್ಕು ದಿನದ ಮಾತು ಎಂದುಕೊಂಡಿದ್ದೆನಲ್ಲ.

ನೀನು ಆಚೆ ದಡದ ಆಸ್ಪತ್ರೆಯಲ್ಲಿ ಆರು ವಾರ ಇದ್ದೆ. ನಾನು ನೋಡಲು ಬರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಕುಟುಕಿದ್ದೀಯ. ಅಪ್ಪ ಬಿಡಲಿಲ್ಲ ಗುಬ್ಬಿ. ಪ್ರತಿ ಗುರುವಾರ ಅವರೇ ಹೋಗುತ್ತಿದ್ದರು, ಅಂಗಡಿ ಯಾರು ನೋಡುತ್ತಾರೆ ಎನ್ನುತ್ತಿದ್ದರು. ಮೊದಲ ಗುರುವಾರ ಬಂದವರು ನಿನ್ನ ಸುದ್ದಿಯನ್ನೆಲ್ಲ ಹೇಳಿದರು, ಬೈದರು, ಊಟ ಮಾಡಿದರು. ಎರಡನೆಯ ಗುರುವಾರ ಬಂದ ಮೇಲೆ ಬೈಯುವುದನ್ನೂ ಬಿಟ್ಟರು, ನನ್ನ ಮುಖ ನೋಡುವುದನ್ನೂ ಬಿಟ್ಟರು. ನಿನ್ನ ಕಾಲು ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಅದು. ಅದಕ್ಕೇ ಇರಬೇಕು ಎಂದುಕೊಂಡೆ.

ಆಮೇಲೆ ಹನ್ನೊಂದು ವರ್ಷ ಬ್ರೇಕೆಲ್ಲ ಅಪ್ಪನವೇ. ನನಗೆ ಪಂಕ್ಚರು, ಚೈನು, ಕಡ್ಡಿ, ಒರೆಸುವುದು. ಆ ಕಣ್ಣಿನಲ್ಲಿ ಅವರು ಬಿಗಿದದ್ದನ್ನು ನಂಬಿ ಜನರನ್ನು ರಸ್ತೆಗೆ ಬಿಡುವುದು ಹೇಗೆ? ದಿನಾ ಬೆಳಿಗ್ಗೆ ಅವರು ಏಳುವ ಮೊದಲು ಎದ್ದು, ಒಂದೊಂದು ನೀಲಿ ದಾರದ ಕೆಳಗಿನ ನಟ್ಟನ್ನೂ ನಾನು ಮತ್ತೆ ಬಿಗಿದಿಡುತ್ತಿದ್ದೆ. ನಲವತ್ತು ಸೈಕಲ್ಲು, ಎಂಬತ್ತು ನಟ್ಟು. ಹತ್ತು ಗಂಟೆಗೆ ಗಿರಾಕಿಗಳ ಮುಂದೆ ಅಪ್ಪ, ಎಷ್ಟು ವರ್ಷವಾದರೂ ನನ್ನ ಕೈಯ ಬ್ರೇಕು ಒಂದೂ ತಪ್ಪಿಲ್ಲ ಎನ್ನುತ್ತಿದ್ದರು. ನಾನು ಅಲ್ಲೇ ಪಕ್ಕದಲ್ಲಿ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದೆ.

ಅಪ್ಪನ ಕೊನೆಯ ದಿನ ನಿನಗೂ ನೆನಪಿದೆ. ಇಲ್ಲಿನ ಆಸ್ಪತ್ರೆಯ ಆ ಚಿಕ್ಕ ಕೋಣೆ, ನಾನು ಮಂಚದ ಪಕ್ಕದ ಸ್ಟೂಲಿನಲ್ಲಿ, ನೀನು ಕಿಟಕಿಯ ಹತ್ತಿರ. ಅಪ್ಪ ನನ್ನ ಕೈ ಹಿಡಿದು ಹೇಳಿದರು, "ಹೋಗ್ಲಿ ಬಿಡು ಮಗಳೇ. ಅವತ್ತಿನದನ್ನ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ನಿನ್ನ ಕ್ಷಮಿಸಿದೀನಿ." ನಾನು ಹೂಂ ಅಪ್ಪ ಎಂದೆ. ನೀನು ಕಿಟಕಿಯ ಪರದೆ ಸರಿಮಾಡುತ್ತಿದ್ದೆ.

ಆ ಮಾತನ್ನು ನಾನು ಎಂಟು ವರ್ಷದಿಂದ ನುಂಗಿಕೊಂಡಿದ್ದೇನೆ. ನುಂಗಲು ಸಾಧ್ಯವಾದದ್ದು ಒಂದೇ ಕಾರಣಕ್ಕೆ: ಅವರಿಗೆ ಗೊತ್ತಿರಲಿಲ್ಲ. ತನ್ನ ಕೈಯಿಂದಲೇ ಮಗಳ ಕಾಲು ಮುರಿಯಿತು ಎಂಬುದು ತಿಳಿಯದೆ ಹೋದರು. ನಾನು ಅವರಿಗಾಗಿ ಮಾಡಿದ್ದು ಸಾರ್ಥಕವಾಯಿತು. ಯಾರಾದರೂ ಬ್ರೇಕಿನ ತಮಾಷೆ ಮಾಡಿದಾಗಲೆಲ್ಲ ಇದನ್ನು ನೆನೆಸಿಕೊಳ್ಳುತ್ತೇನೆ.

ಹಾಗಾಗಿ ನಿನ್ನ ಚೀಟಿಗೆ ನನ್ನ ಉತ್ತರ ಇಷ್ಟು. ನಿಮ್ಮತ್ತೆ ಕೇಳಿದರೆ ಹೌದು, ನನ್ನ ಕೈತಪ್ಪು ಎನ್ನುತ್ತೇನೆ. ಆ ಸುಳ್ಳು ನಿನ್ನದಲ್ಲ, ನಾನೇ ಕಟ್ಟಿದ್ದು. ನೀನು ನಂಬಿದ್ದನ್ನು ನಾಲ್ಕು ಜನರ ಮುಂದೆ ಹೇಳಿದ್ದೀಯ, ಅಷ್ಟೇ. ಮಗುವಿನ ಕಾಲಿನ ಮೇಲೆ ಕಣ್ಣಿಟ್ಟವರ ಬಾಯಿ ಮುಚ್ಚುವುದಾದರೆ ಇನ್ನೊಂದು ಸಲ ತಲೆ ತಗ್ಗಿಸುವುದು ನನಗೆ ದೊಡ್ಡದಲ್ಲ, ಅಭ್ಯಾಸವಾಗಿದೆ. ಆದರೆ ಬ್ರೇಕು ನೋಡಲು ಬೇರೆ ಯಾರನ್ನೂ ಕರೆಸುವುದಿಲ್ಲ. ಈ ದ್ವೀಪದಲ್ಲಿ ಬೇರೆ ಯಾರೂ ಇಲ್ಲ.

ಎಂಟೂ ಜನ ಸುಖವಾಗಿ ಬನ್ನಿ. ದೋಣಿಯಲ್ಲಿ ನಿಮ್ಮತ್ತೆಗೆ ನಡುವಿನ ಸಾಲಿನಲ್ಲಿ ಕೂರಲು ಹೇಳು, ಹೊಟ್ಟೆ ತೊಳಸುವುದಿಲ್ಲ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನ್ನ ಮನೆ ತಣ್ಣಗಿರಲಿ, ನಿನ್ನ ಮಗಳು ನೂರು ವರ್ಷ ಓಡಾಡಿಕೊಂಡಿರಲಿ.

ಇಂತಿ ನಿನ್ನ
ಅಕ್ಕ

ಮರೆತ ಮಾತು: ಸೋಮವಾರ ಬೆಳಿಗ್ಗೆ. ಕವರು ಅಂಟಿಸುವ ಮೊದಲು ಇದನ್ನು ಬರೆಯಬೇಕಾಗಿದೆ.

ನಿನ್ನ ಮಗಳ ಸೈಕಲ್ಲಿಗೆ ಹಳೆಯ ಅಳತೆಯ ಬ್ರೇಕ್ ರಬ್ಬರು ಬೇಕಿತ್ತು. ಅಂಥವು ಈಗ ಸಿಗುವುದಿಲ್ಲ. ಅಪ್ಪನ ಬಿಸ್ಕತ್ತಿನ ಡಬ್ಬಿಯಲ್ಲಿ ಇರಬಹುದೆಂದು ಅಟ್ಟದಿಂದ ಇಳಿಸಿದೆ. ಅವರು ಹೋದ ಮೇಲೆ ಆ ಡಬ್ಬಿಯನ್ನು ನಾನು ತೆಗೆದಿರಲಿಲ್ಲ. ರಬ್ಬರು ಸಿಕ್ಕಿತು. ಅದರ ಕೆಳಗೆ ಮಡಚಿದ ಒಂದು ಕಾಗದ, ಕಾಗದದ ಒಳಗೆ ಬೆರಳುದ್ದದ ನೀ‌ಲಿ ದಾರ. ಅಪ್ಪನ ಗಂಟು ಹಾಗೇ ಇದೆ, ಗಂಟಿನ ಕೆಳಗೆ ಕತ್ತರಿ ಹಾಕಿದೆ. ಒಂದು ಕಡೆ ಕಂದಿದ ಕಲೆಯಿದೆ, ರಕ್ತವೇ ಇರಬೇಕು.

ಸುತ್ತಿದ್ದ ಕಾಗದ ಆಚೆ ದಡದ ಆಸ್ಪತ್ರೆಯ ಚೀಟಿ. ಮೇಲೆ ನಿನ್ನ ಹೆಸರು, ಹಾಸಿಗೆ ಹದಿನಾಲ್ಕು, ಎರಡನೆಯ ಗುರುವಾರದ ತಾರೀಖು.

ಆ ಮುಷ್ಟಿಯಲ್ಲಿ ಏನಿತ್ತು ಎಂದು ಈಗ ಗೊತ್ತಾಯಿತು. ನೀನು ಕಣ್ಣು ಮುಚ್ಚಿರಲಿಲ್ಲ. ನೋಡಿದೆ, ಹೆಕ್ಕಿಕೊಂಡೆ, ಅಪ್ಪನ ಕೈಗೆ ಕೊಟ್ಟೆ. ನೀವಿಬ್ಬರೂ ಆ ದಿನ ಏನು ಮಾತಾಡಿಕೊಂಡಿರೋ ನನಗೆ ಗೊತ್ತಿಲ್ಲ. ಅಪ್ಪ ಅದನ್ನು ಮಡಚಿ ಡಬ್ಬಿಗೆ ಹಾಕಿ, ಹನ್ನೊಂದು ವರ್ಷ ನನ್ನನ್ನು ಬ್ರೇಕು ಮುಟ್ಟಲು ಬಿಡಲಿಲ್ಲ. ನಾನು ಬೆಳಿಗ್ಗೆ ಎದ್ದು ನಟ್ಟು ಬಿಗಿಯುವುದು ಅವರಿಗೆ ಕೇಳಿಸುತ್ತಿತ್ತೇನೋ, ಅದೂ ಈಗ ಅನುಮಾನ. ಕೊನೆಗೆ ಎಲ್ಲ ತಿಳಿದೂ ತಿಳಿದೂ ನನ್ನನ್ನು ಕ್ಷಮಿಸಿ ಹೋದರು. ಕ್ಷಮಿಸುವಾಗ ನೀನು ಪರದೆ ಸರಿಮಾಡುತ್ತಿದ್ದೆ.

ಮೇಲೆ ಬರೆದ ಉತ್ತರವನ್ನು ಹೊಡೆದುಹಾಕಿಲ್ಲ, ನಿನ್ನೆಯವರೆಗೆ ನಾನು ಎಂಥವಳಾಗಿದ್ದೆ ಎಂದು ನೀನು ಓದಲಿ ಎಂದು. ಆದರೆ ಆ ಉತ್ತರ ಈಗ ಇಲ್ಲ. ನಾನು ಹೂಂ ಎನ್ನುವುದಿಲ್ಲ.

ನಿನ್ನ ಸೈಕಲ್ಲು ಸಿದ್ಧವಾಗಿದೆ. ಎಡ ಪೆಡಲಿಗೆ ಮರದ ತುಂಡು ಕೂರಿಸಿದ್ದೇನೆ. ಬ್ರೇಕನ್ನು ನಾನೇ ಬಿಗಿದಿದ್ದೇನೆ, ಏಳೂ ತಿರುವಿನಲ್ಲಿ ಇಳಿದು ನೋಡಿದ್ದೇನೆ, ನಿನಗೇನೂ ಆಗುವುದಿಲ್ಲ. ಮುಂದಿನ ವೈರಿಗೆ ನನ್ನ ಕೆಂಪು ದಾರ ಕಟ್ಟಿ, ಅದರ ಪಕ್ಕದಲ್ಲೇ ಈ ನೀಲಿ ತುಂಡನ್ನೂ ಕಟ್ಟಿದ್ದೇನೆ. ನಿನ್ನ ಮಗಳು ಬೆಲ್ಲನ್ನು ಲೆಕ್ಕ ಹಾಕುವ ಮಗು, ನಿನ್ನದಕ್ಕೆ ಮಾತ್ರ ಯಾಕೆ ಎರಡು ಬಣ್ಣ ಎಂದು ಕೇಳದೆ ಇರುವುದಿಲ್ಲ. ಆಗ ನಿಮ್ಮತ್ತೆಯೂ ಅಲ್ಲೇ ಇರುತ್ತಾರೆ. ಮಗುವಿಗೆ ನೀನು ಉತ್ತರ ಹೇಳು, ನಾನು ಪಕ್ಕದಲ್ಲೇ ನಿಂತಿರುತ್ತೇನೆ.